ಹಂಗಿನ ಸೀಟು

ಕಾರ್‌ಪೂಲ್, ಅಂದರೆ ಒಂದೇ ಕಾರನ್ನು ಹಲವರು ಹಂಚಿಕೊಂಡು ಓಡಾಡುವುದರ ಬಗ್ಗೆ, ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿದು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಮಧ್ಯೆ ಕರೆಂಟು ಹೋಗಿ ಕತ್ತಲಲ್ಲಿ ಹೇಳಿದ್ದು ನನಗೇ ಸರಿಯಾಗಿ ನೆನಪಿಲ್ಲ. ಅದನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿಗೆ ಕಾರಲ್ಲಿ ಬಂದವರು ಸ್ವಲ್ಪ ಕೈ ಎತ್ತಿ. 14 ಜನ. ಒಬ್ಬರೇ ಬಂದವರು ಹಾಗೇ ಇರಿ, ಉಳಿದವರು ಇಳಿಸಿ. 11. ಒಂದೇ ಬಡಾವಣೆಯಿಂದ, ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ 44 ಖಾಲಿ ಸೀಟು ಹೊತ್ತು ತಂದಿದ್ದೇವೆ. ಬೈಯುತ್ತಿಲ್ಲ. ಆ 11ರಲ್ಲಿ ಒಂದು ಕೈ ನನ್ನದೇ.

ನಾನು ಓದಿದ್ದು ಮನಶ್ಶಾಸ್ತ್ರ. ಕೆಲಸ ಮಾಡಿದ್ದು ಒಂದು ಕಂಪನಿಯ ತರಬೇತಿ ವಿಭಾಗದಲ್ಲಿ. ಆರು ವರ್ಷ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಕಾರ್‌ಪೂಲ್ ಮಾಡಿದ್ದೇನೆ. ಇವತ್ತು ಮಾತಾಡಲು ಇದರಲ್ಲಿ ಮೂರನೆಯದೇ ನನ್ನ ದೊಡ್ಡ ಅರ್ಹತೆ ಅಂದುಕೊಳ್ಳಿ.

ಕಾರ್‌ಪೂಲ್ ಅಂದ ತಕ್ಷಣ ಎಲ್ಲರೂ ದುಡ್ಡಿನ ಲೆಕ್ಕ ತೆಗೆಯುತ್ತಾರೆ. ಹೋಗಿ ಬರುವುದು 50 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಈ ಟ್ರಾಫಿಕ್ಕಲ್ಲಿ ಲೀಟರಿಗೆ 11 ಕಿಲೋಮೀಟರ್ ಕೊಟ್ಟರೆ ಪುಣ್ಯ. ದಿನಕ್ಕೆ ನಾಲ್ಕೂವರೆ ಲೀಟರ್ ಪೆಟ್ರೋಲ್, ಹತ್ತಿರ ಹತ್ತಿರ 450 ರೂಪಾಯಿ. ಮೂವರು ಹಂಚಿಕೊಂಡರೆ ತಲೆಗೆ 150. ತಿಂಗಳಿಗೆ 22 ದಿನ ಗುಣಿಸಿ. ಆರು ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಲೆಕ್ಕ ಸರಿಯಾಗೇ ಇದೆ. ಅದನ್ನು ಕೇಳಿ ಯಾರೂ ಕಾರಿನ ಬಾಗಿಲು ತೆಗೆಯುವುದಿಲ್ಲ, ಅಷ್ಟೇ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1970ರ ದಶಕದಲ್ಲಿ ತೈಲದ ಬಿಕ್ಕಟ್ಟು ಬಂದಾಗ ಅಮೆರಿಕದವರು ಇದೇ ಪ್ರಶ್ನೆ ಹಿಡಿದು ಕೂತಿದ್ದರು. ಅಬ್ರಹಾಂ ಹೊರೊವಿಟ್ಜ್ ಮತ್ತು ಜಗದೀಶ್ ಶೇಠ್ ಎಂಬ ಇಬ್ಬರು ಸಂಶೋಧಕರು ಒಬ್ಬರೇ ಕಾರಲ್ಲಿ ಹೋಗುವವರನ್ನೂ ಹಂಚಿಕೊಂಡು ಹೋಗುವವರನ್ನೂ ಹೋಲಿಸಿ ನೋಡಿದರು. ವಯಸ್ಸು, ಸಂಬಳ, ಮನೆ ಎಷ್ಟು ದೂರ ಎಂಬುದರಿಂದ ಯಾರು ಯಾವ ಗುಂಪಿನವರು ಅಂತ ಹೇಳುವುದು ಕಷ್ಟವಾಯಿತು. ಹಂಚಿಕೊಂಡರೆ ದುಡ್ಡು ಉಳಿಯುತ್ತದೆ ಎನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಿದ್ದರು. ಬೇರೆಯಾಗಿದ್ದು ಅದರ ಕಿರಿಕಿರಿಯ ಬಗ್ಗೆ ಇದ್ದ ಕಲ್ಪನೆ. ಒಬ್ಬರೇ ಹೋಗುವವರ ತಲೆಯಲ್ಲಿ ಅದು ಭಾರೀ ರಗಳೆ. ದಿನಾ ಮಾಡುವವರ ತಲೆಯಲ್ಲಿ ಅಷ್ಟಿಲ್ಲ.

ನಾನು ಇವತ್ತು ಹಿಡಿಯಬೇಕೆಂದಿರುವುದು ಆ ಕಿರಿಕಿರಿಯನ್ನು. ಅದು ಎಂಥದ್ದು?

ಪ್ರೈವೆಸಿ ಅಂತ ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಕಲಬುರಗಿ, ವಿಜಯಪುರ ಕಡೆ ಟಂಟಂ ಹತ್ತಿದವರಿಗೆ ಗೊತ್ತು. ಮೂರು ಚಕ್ರದ ಗಾಡಿ. ಡ್ರೈವರ್ ಪಕ್ಕ ಆ ಕಡೆ ಒಬ್ಬ, ಈ ಕಡೆ ಒಬ್ಬ. ಹಿಂದೆ ಎಷ್ಟು ಜನ ಅಂತ ಎಣಿಸಲು ಕತ್ತು ತಿರುಗಬೇಕಲ್ಲ, ತಿರುಗುವುದಿಲ್ಲ. ಯಾರದೋ ಮಗು ನಿಮ್ಮ ತೊಡೆ ಮೇಲೆ, ನಿಮ್ಮ ಚೀಲ ಇನ್ಯಾರದೋ ಕಾಲ ಮೇಲೆ. ಯಾರಿಗೂ ಸಂಕೋಚ ಇಲ್ಲ. ಅದೇ ಮನುಷ್ಯ ಬೆಂಗಳೂರಿಗೆ ಬಂದು, ಹೊರ ವರ್ತುಲ ರಸ್ತೆಯ ಕಂಪನಿ ಸೇರಿ, ಪಕ್ಕದ ಫ್ಲ್ಯಾಟಿನವರ ಕಾರು ಹತ್ತು ಅಂದರೆ ಹಿಂದೇಟು ಹಾಕುತ್ತಾನೆ. ಮೈಗೆ ಮೈ ತಾಗುವುದು ಅವನಿಗೆ ಸಮಸ್ಯೆಯಾಗಿದ್ದರೆ ಟಂಟಂ ಹತ್ತುತ್ತಲೇ ಇರಲಿಲ್ಲ.

ವ್ಯತ್ಯಾಸ ಏನು ಅಂದರೆ, ಟಂಟಂ ಹತ್ತಿದ ಯಾರ ಮನೆಯೂ ಅದಲ್ಲ. ಕಾರು ಒಬ್ಬರ ಮನೆ.

ನಮ್ಮ ಕಾರುಗಳ ಒಳಗೆ ಒಮ್ಮೆ ನೋಡಿ. ಮುಂದೆ ಗಣೇಶ ಅಥವಾ ರಾಘವೇಂದ್ರ ಸ್ವಾಮಿ. ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಬಾನೆಟ್ ಮೇಲೆ. ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರು ಎರಡು ವರ್ಷವಾದರೂ ತೆಗೆದಿಲ್ಲ. ಹೊಸ ಕಾರಿಗೆ ಹತ್ತುವಾಗ ಚಪ್ಪಲಿ ಕೊಡವುತ್ತೇವೆ, ಅಲ್ವಾ? ಇನ್ನೊಬ್ಬರ ಕಾರು ಹತ್ತುವುದು ಅಂದರೆ ಅವರ ಹೊಸ್ತಿಲು ದಾಟಿದ ಹಾಗೆ. ಒಳಗೆ ಹೋದವನು ನೆಂಟ. ನೆಂಟನಿಗೆ ಮರ್ಯಾದೆ ಇದೆ, ಆದರೆ ಫ್ಯಾನು ಜೋರು ಮಾಡುವ ಅಧಿಕಾರ ಇಲ್ಲ.

ಇದಕ್ಕೆ ನಮ್ಮಲ್ಲಿ ಚೆಂದದ ಒಂದು ಪದವಿದೆ. ಹಂಗು. ಸಾಲ ಅಲ್ಲ. ಸಾಲಕ್ಕೆ ಮೊತ್ತ ಇರುತ್ತದೆ, ತೀರಿಸಿದರೆ ಮುಗಿಯಿತು. ಹಂಗಿಗೆ ಮೊತ್ತ ಇಲ್ಲ. ಎಷ್ಟು ಕೊಟ್ಟರೆ ತೀರಿತು ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ತೀರುವುದೂ ಇಲ್ಲ.

ನಮ್ಮದೇ ಗುಂಪಿನ ಒಂದು ವಿಷಯ ಹೇಳುತ್ತೇನೆ. ನಾಲ್ಕು ಜನ ಇದ್ದೆವು. ಬೆಳಗ್ಗೆ 7.40ಕ್ಕೆ ಹೊರಡುವುದು. ಮೂವರ ಹತ್ತಿರ ಕಾರಿತ್ತು, ವಾರಕ್ಕೊಬ್ಬರ ಕಾರು. ನಾಲ್ಕನೆಯವರ ಹತ್ತಿರ ಕಾರಿರಲಿಲ್ಲ. ಅವರು ದುಡ್ಡು ಕೊಡುತ್ತೇನೆ ಅಂದರು. ನಾವು ಮೂವರೂ ದೊಡ್ಡ ಮನಸ್ಸು ತೋರಿಸಿ 'ಅಯ್ಯೋ, ಬಿಡಿ ಸರ್, ಹೇಗಿದ್ದರೂ ಹೋಗ್ತಾ ಇರ್ತೀವಲ್ಲ' ಅಂದೆವು. ಅವರು ಸುಮ್ಮನಾದರು. ಆಮೇಲೆ ಸೋಮವಾರ ಸೋಮವಾರ ಮನೆಯಿಂದ ಕೋಡುಬಳೆ ತರಲು ಶುರು ಮಾಡಿದರು. ಪಾರ್ಕಿಂಗ್ ದುಡ್ಡು ನಾವು ಪರ್ಸ್ ತೆಗೆಯುವ ಮೊದಲೇ ಕೊಟ್ಟುಬಿಡುತ್ತಿದ್ದರು. ಹತ್ತು ನಿಮಿಷ ಮೊದಲೇ ಬಂದು ಗೇಟಿನ ಹತ್ತಿರ ನಿಂತಿರುತ್ತಿದ್ದರು, ಮಳೆಯಲ್ಲೂ. ನಾವು 'ಎಂಥ ಶಿಸ್ತು' ಅಂತ ಹೊಗಳಿದೆವು. ಎಂಟು ತಿಂಗಳಾದ ಮೇಲೆ ಅವರು ಬಸ್ಸಿಗೆ ಹೋಗಲು ಶುರು ಮಾಡಿದರು. ಟೈಮಿಂಗ್ ಬದಲಾಯಿತು ಅಂದರು. ನಂಬಿದೆವು.

ಒಂದೆರಡು ವರ್ಷ ಕಳೆದು ಟೀ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು: 'ಸರ್, ನನಗೆ ಆ ಎಸಿ ಆಗ್ತಿರಲಿಲ್ಲ. ನೆಗಡಿ ಆಗೋದು. ಕಡಿಮೆ ಮಾಡಿ ಅಂತ ಹೇಳೋಕೆ ನನ್ನ ಕಾರಲ್ಲವಲ್ಲ.'

ಎಂಟು ತಿಂಗಳು. ಒಂದು ಗುಂಡಿ ತಿರುಗಿಸಿದ್ದರೆ ಆಗುತ್ತಿತ್ತು. ಅವರ ದುಡ್ಡು ಬೇಡ ಅಂದಿದ್ದು ನಮ್ಮ ಔದಾರ್ಯ ಅಂತ ನಾವು ಅಂದುಕೊಂಡಿದ್ದೆವು. ಅವರ ಕೈಯಲ್ಲಿದ್ದ ಒಂದೇ ಒಂದು ಹಕ್ಕನ್ನು ಕಿತ್ತುಕೊಂಡಿದ್ದೆವು, ನೋಡಿ. ದುಡ್ಡು ತೆಗೆದುಕೊಂಡಿದ್ದರೆ 'ಎಸಿ ಕಡಿಮೆ ಮಾಡಿ' ಅಂತ ಹೇಳುತ್ತಿದ್ದರು.

ಹಾಗಾದರೆ ನಾವು ಉಳಿದ ಮೂವರ ನಡುವೆ ಯಾಕೆ ಈ ಹಂಗು ಬರಲಿಲ್ಲ? ಯಾಕೆಂದರೆ ನಮ್ಮದು ಮುಯ್ಯಿ. ಹಳ್ಳಿಯಿಂದ ಬಂದವರಿಗೆ ಮುಯ್ಯಾಳು ಗೊತ್ತಿರುತ್ತದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಡಿದ್ದು ನನ್ನದಕ್ಕೆ ನೀವು ಬನ್ನಿ. ಕೂಲಿ ಇಲ್ಲ. ಆದರೆ ಲೆಕ್ಕ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಯಾರ ಮನೆಗೆ ಯಾರು ಎಷ್ಟು ಆಳು ಕಳಿಸಿದರು ಅನ್ನುವುದು ಇಡೀ ಊರಿಗೆ ಬಾಯಿಪಾಠ. ಈ ವಾರ ನಾನು ನೆಂಟ, ಮುಂದಿನ ವಾರ ನಾನೇ ಮನೆ ಯಜಮಾನ. ನನ್ನ ಹಾಡು ನೀವು ಕೇಳಿದಿರಿ, ನಿಮ್ಮ ಹಾಡು ನಾನು ಕೇಳುತ್ತೇನೆ. ನಾನು ಕಂಡಂತೆ ವರ್ಷಗಟ್ಟಲೆ ಬಾಳಿದ ಕಾರ್‌ಪೂಲ್‌ಗಳೆಲ್ಲ ಇಂಥ ಮುಯ್ಯಿಯವೇ. ಒಬ್ಬರದೇ ಕಾರು, ಉಳಿದವರು ಪುಕ್ಕಟೆ ಅನ್ನುವಂಥವು ಹೆಚ್ಚು ದಿನ ಬದುಕಿದ್ದು ನೋಡಿಲ್ಲ.

ಈಗ ವಾಷಿಂಗ್ಟನ್‌ಗೆ ಹೋಗೋಣ. ಅಲ್ಲಿ ಅಪರಿಚಿತರ ನಡುವೆಯೇ, ಅದೂ ಒಂದೇ ದಿನದ ಮಟ್ಟಿಗೆ ಮುಯ್ಯಿ ನಡೆಯುತ್ತದೆ. 1970ರ ದಶಕದಲ್ಲಿ ವರ್ಜೀನಿಯಾದಿಂದ ನಗರಕ್ಕೆ ಬರುವ ಶರ್ಲಿ ಹೆದ್ದಾರಿಯ ಬಸ್ ಲೇನನ್ನು ತುಂಬಿದ ಕಾರುಗಳಿಗೂ ಬಿಟ್ಟರು. ಮೊದಲು ಕಾರಲ್ಲಿ ನಾಲ್ಕು ಜನ ಇರಬೇಕಿತ್ತು, ಆಮೇಲೆ ಮೂರು ಸಾಕು ಅಂತಾಯಿತು. ಒಬ್ಬರೇ ಇದ್ದ ಡ್ರೈವರುಗಳು ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ 'ಪೆಂಟಗನ್, ಇಬ್ಬರು' ಅಂತ ಕೂಗತೊಡಗಿದರು. ಕ್ಯೂನಲ್ಲಿ ಮುಂದಿದ್ದವರು ಇಬ್ಬರು ಹತ್ತುವುದು, ಹೋಗುವುದು. ಇದಕ್ಕೆ ಸ್ಲಗ್ಗಿಂಗ್ ಎಂಬ ಹೆಸರು ಬಂತು. ಸ್ಲಗ್ ಅಂದರೆ ಖೋಟಾ ನಾಣ್ಯ. ಸ್ಟಾಪಿನಲ್ಲಿ ನಿಂತಿದ್ದರೂ ಬಸ್ಸು ಹತ್ತದ ಈ ಜನರನ್ನು ಬಸ್ ಚಾಲಕರು ಹಾಗೆ ಕರೆದರಂತೆ.

ಅದರ ನಿಯಮಗಳನ್ನು ಕೇಳಿ. ಯಾವ ಸರ್ಕಾರವೂ ಮಾಡಿದ್ದಲ್ಲ, ಜನರೇ ಮಾಡಿಕೊಂಡಿದ್ದು. ದುಡ್ಡು ಕೊಡಬಾರದು, ಕೇಳಬಾರದು. ಡ್ರೈವರ್ ಮಾತು ತೆಗೆಯುವವರೆಗೆ ಹತ್ತಿದವರು ಮಾತಾಡಬಾರದು. ರೇಡಿಯೋ ಬದಲಿಸಿ ಅನ್ನಬಾರದು. ಕ್ಯೂನಲ್ಲಿ ಹೆಂಗಸೊಬ್ಬಳನ್ನೇ ಬಿಟ್ಟು ಹೋಗಬಾರದು. ಇಳಿಯುವಾಗ ಎರಡೂ ಕಡೆಯವರು ಥ್ಯಾಂಕ್ಸ್ ಹೇಳಬೇಕು.

ಆ ಕೊನೆಯದು ನನಗೆ ತುಂಬಾ ಇಷ್ಟ. ಡ್ರೈವರ್ ಯಾಕೆ ಥ್ಯಾಂಕ್ಸ್ ಹೇಳಬೇಕು? ಯಾಕೆಂದರೆ ಹತ್ತಿದವನು ತನ್ನ ತಲೆಯನ್ನೇ ಬಾಡಿಗೆಯಾಗಿ ಕೊಟ್ಟಿದ್ದಾನೆ. ಆ ತಲೆ ಇಲ್ಲದಿದ್ದರೆ ಡ್ರೈವರಿಗೆ ವೇಗದ ಲೇನಿಲ್ಲ. ಇಳಿಯುವ ಹೊತ್ತಿಗೆ ಲೆಕ್ಕ ಚುಕ್ತಾ. ನಾಳೆ ಎದುರು ಸಿಕ್ಕರೆ ನಗಬೇಕಾಗಿಯೂ ಇಲ್ಲ.

ಇಂಥದ್ದೇ ಪದ್ಧತಿ ಸ್ಯಾನ್ ಫ್ರಾನ್ಸಿಸ್ಕೋದ ಬೇ ಸೇತುವೆಯ ಮೇಲೂ ಇತ್ತು. ಮೂವರಿದ್ದ ಕಾರಿಗೆ ಬೆಳಗ್ಗೆ ಟೋಲ್ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಎಲ್ಲ ಸರಿಯಿತ್ತು. 2010ರ ಜುಲೈಯಲ್ಲಿ ಕಾರ್‌ಪೂಲ್‌ಗೂ ಎರಡೂವರೆ ಡಾಲರ್ ಟೋಲ್ ಹಾಕಿದರು. ಒಬ್ಬರೇ ಹೋಗುವವರು ಆ ಹೊತ್ತಿಗೆ ಆರು ಡಾಲರ್ ಕೊಡಬೇಕಿತ್ತು. ಹಾಗಾಗಿ ಡ್ರೈವರಿಗೆ ಆಗಲೂ ಲಾಭವೇ. ಆದರೆ ತಕರಾರು ಶುರುವಾಯಿತು. ಹತ್ತಿದವರು ಒಂದು ಡಾಲರ್ ಕೊಡಬೇಕೋ ಬೇಡವೋ? ಡ್ರೈವರ್ ಕೇಳಬೇಕೋ, ಇವರೇ ಕೊಡಬೇಕೋ? ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಅಷ್ಟು ವರ್ಷ ಸುಮ್ಮನೆ ಕೂತು ಹೋಗುತ್ತಿದ್ದ ಜನ ಈಗ ನೋಟು ಕೈಯಲ್ಲಿ ಹಿಡಿದು ಮುಜುಗರ ಪಡುವಂತಾಯಿತು. ಬರೀ ಒಂದು ಡಾಲರ್! ದುಡ್ಡಿನ ಭಾರ ಅಲ್ಲ ಅದು. ಮುಯ್ಯಿಯ ತಕ್ಕಡಿ ಒಂದು ಕಡೆ ವಾಲಿತ್ತು, ಎಷ್ಟಿಟ್ಟರೆ ಸಮವಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನಮ್ಮೂರಿಗೆ ಬರೋಣ. 2015ರ ಆಸುಪಾಸಿನಲ್ಲಿ ಬೆಂಗಳೂರಲ್ಲಿ ಕಾರ್‌ಪೂಲ್ ಆ್ಯಪ್‌ಗಳು ಬಂದವು. ಕ್ವಿಕ್ ರೈಡ್ ಇಲ್ಲೇ ಹುಟ್ಟಿದ್ದು. ಈ ಆ್ಯಪ್‌ಗಳಲ್ಲಿ ನನ್ನ ಗಮನ ಸೆಳೆದದ್ದು ಪಾಯಿಂಟು. ಹತ್ತಿದವರ ಖಾತೆಯಿಂದ ಪಾಯಿಂಟು ಕಡಿತ, ಕಾರಿನವರ ಖಾತೆಗೆ ಜಮಾ. ಅದನ್ನು ಪೆಟ್ರೋಲಿಗೆ ಬಳಸಿಕೊಳ್ಳಬಹುದು. ಅದು ದುಡ್ಡೇ, ಆದರೆ ಯಾರ ಕೈಯಿಂದ ಯಾರ ಕೈಗೂ ನೋಟು ಹೋಗುವುದಿಲ್ಲ. ಪಕ್ಕದ ಟೀಮಿನ ಮ್ಯಾನೇಜರ್‌ಗೆ 60 ರೂಪಾಯಿ ಚಿಲ್ಲರೆ ಎಣಿಸಿ ಕೊಡುವ ದೃಶ್ಯ ಊಹಿಸಿಕೊಳ್ಳಿ. ಆ ಮುಜುಗರವನ್ನು ಫೋನು ತನ್ನ ಮೇಲೆ ಹಾಕಿಕೊಂಡಿತು. ನನ್ನ ಪ್ರಕಾರ ಆ್ಯಪ್ ಮಾಡಿದ ದೊಡ್ಡ ಉಪಕಾರ ದಾರಿ ಹುಡುಕಿಕೊಟ್ಟಿದ್ದಲ್ಲ. ಲೆಕ್ಕ ಕೇಳುವ ಬಾಯಿಯನ್ನು ಅದು ಮನುಷ್ಯರಿಂದ ತೆಗೆದುಹಾಕಿತು.

ಆದರೆ ಲೆಕ್ಕ ಅಂತ ಬಂದ ಕೂಡಲೇ ಸರ್ಕಾರ ಕೇಳುತ್ತದೆ, ಇದು ಮುಯ್ಯಿಯೋ ಬಾಡಿಗೆಯೋ? 2023ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರು ಬಂದ್ ಮಾಡಿದವು. ವೈಟ್ ಬೋರ್ಡ್ ಗಾಡಿಗಳು, ಅಂದರೆ ಬಿಳಿ ನಂಬರ್ ಪ್ಲೇಟಿನ ಸ್ವಂತ ಬಳಕೆಯ ಗಾಡಿಗಳು, ಬಾಡಿಗೆ ಹೊಡೆದು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿವೆ ಅನ್ನುವುದೂ ಅವರ ದೂರಾಗಿತ್ತು. ತಿಂಗಳ ಕೊನೆಗೆ, ಆ್ಯಪ್ ಮೂಲಕ ವೈಟ್ ಬೋರ್ಡ್ ಕಾರಲ್ಲಿ ಕಾರ್‌ಪೂಲ್ ಮಾಡಿದರೆ 5,000ದಿಂದ 10,000 ರೂಪಾಯಿ ದಂಡ ಎಂಬ ಸುದ್ದಿ ಬಂತು. ಗಲಾಟೆಯಾಯಿತು. ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿಯವರು, ನಿಷೇಧ ಮಾಡಿಲ್ಲ, ಆ್ಯಪ್‌ಗಳು ಅನುಮತಿ ಪಡೆಯಬೇಕು ಅಂತ ಸ್ಪಷ್ಟನೆ ಕೊಟ್ಟರು.

ಟ್ಯಾಕ್ಸಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪರ್ಮಿಟ್ಟಿಗೆ, ತೆರಿಗೆಗೆ ದುಡ್ಡು ಸುರಿದವನಿಗೆ ಇದು ಅನ್ಯಾಯ ಅನ್ನಿಸದೇ ಇರುತ್ತದೆಯೇ. ಆದರೆ ನಾನು ನೋಡಿದ್ದು ಬೇರೆ. ಆ ಸುದ್ದಿ ಬಂದ ವಾರ ನನ್ನ ಪರಿಚಯದ ಒಬ್ಬರು ಕಾರ್‌ಪೂಲ್ ನಿಲ್ಲಿಸಿದರು. ಸಚಿವರ ಸ್ಪಷ್ಟನೆ ಬಂದ ಮೇಲೂ ಮತ್ತೆ ಶುರು ಮಾಡಲಿಲ್ಲ. ದಂಡದ ಹೆದರಿಕೆ ಹೋಗಿತ್ತು. ಆದರೆ 'ನಾನು ಬಾಡಿಗೆ ಹೊಡೀತಿದ್ದೀನಿ ಅಂತ ಜನ ಅಂದುಕೊಂಡರೆ?' ಅನ್ನುವುದು ಒಳಗೆ ಹೊಕ್ಕಿತ್ತು. ಕೈತುಂಬ ಸಂಬಳದವರು. ಉಪಕಾರಿ ಅನ್ನಿಸಿಕೊಳ್ಳುವುದು ಅವರಿಗೆ ಬೇಕು, ಡ್ರೈವರ್ ಅನ್ನಿಸಿಕೊಳ್ಳುವುದು ಬೇಡ. ಇದರಲ್ಲಿ ಜಾತಿ, ಅಂತಸ್ತು ಎಲ್ಲ ಸೇರಿಕೊಂಡಿದೆ. ಅದನ್ನು ಬಿಡಿಸಲು ಹೋದರೆ ನಮ್ಮ ಗ್ರಂಥಪಾಲಕರು ಲೈಟು ಆರಿಸುತ್ತಾರೆ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಅವರಿಗೆ ಹಂಗಿನ ಮೊದಲು ಸುರಕ್ಷತೆ. ಕಂಪನಿಯ ಐಡಿ ನೋಡಿ, ಪ್ರೊಫೈಲ್ ನೋಡಿ, ಒಳಗೆ ಇನ್ನೊಬ್ಬ ಹೆಂಗಸಿದ್ದಾಳೋ ನೋಡಿ ಆಮೇಲೆ ಹತ್ತುತ್ತಾರೆ. ಕೇಂದ್ರದ 2020ರ ಮಾರ್ಗಸೂಚಿಯಲ್ಲೇ, ಹೆಂಗಸರು ಹೆಂಗಸರ ಜೊತೆ ಮಾತ್ರ ಪೂಲ್ ಮಾಡುವ ಆಯ್ಕೆ ಕೊಡಬೇಕು ಅಂತಿತ್ತು. ಆದರೆ ನನ್ನ ಸಹೋದ್ಯೋಗಿಯೊಬ್ಬರು ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿತು. 'ಗೊತ್ತಿಲ್ಲದವರ ಕಾರು ಹತ್ತೋಕೆ ಭಯ, ನಿಜ. ಆದರೆ ಗೊತ್ತಿರೋರ ಕಾರು ಹತ್ತಿದರೆ ನಾಳೆ ಬೇಡ ಅನ್ನೋದು ಹೇಗೆ?' ಒಮ್ಮೆ ಹೂಂ ಅಂದರೆ ಪ್ರತಿದಿನಕ್ಕೂ ಹೂಂ. ನಿಲ್ಲಿಸಿದರೆ ಕಾರಣ ಕೊಡಬೇಕು. ಗಂಡಸರು ಟೈಮಿಂಗ್ ಬದಲಾಯಿತು ಅಂತ ಸುಳ್ಳು ಹೇಳಿ ಪಾರಾಗುತ್ತೇವೆ. ಅವರಿಗೆ ಅಷ್ಟು ಸುಲಭ ಅಲ್ಲ. 'ಯಾಕೆ, ಏನಾಯ್ತು?' ಅಂತ ನಾಲ್ಕು ಜನ ಕೇಳುತ್ತಾರೆ.

ಮಾತಿನ ವಿಷಯಕ್ಕೆ ಬರುತ್ತೇನೆ. ದಿನಾ ಒಂದೂವರೆ ಗಂಟೆ ಏನು ಮಾತಾಡುವುದು ಎಂಬ ಭಯ ತುಂಬಾ ಜನರಿಗಿದೆ. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಚಿಕಾಗೊದ ರೈಲು, ಬಸ್ಸುಗಳಲ್ಲಿ ಮಾಡಿದ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಪಕ್ಕದವರ ಜೊತೆ ಮಾತಾಡಿ ಅಂದರು, ಕೆಲವರಿಗೆ ಸುಮ್ಮನಿರಿ ಅಂದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಖುಷಿಯಾಗಿತ್ತು. ಆದರೆ ಯಾವುದು ಖುಷಿ ಕೊಡುತ್ತದೆ ಅಂತ ಮೊದಲೇ ಊಹಿಸಿ ಅಂದಾಗ ಜನ ಉಲ್ಟಾ ಹೇಳಿದ್ದರು. ಪಕ್ಕದವರಿಗೆ ತಮ್ಮಷ್ಟು ಮಾತು ಬೇಕಿಲ್ಲ ಅಂತ ಜನ ಅಂದುಕೊಂಡಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಬಾಯಿ ಮುಚ್ಚಿ ಕೂತಿದ್ದರು!

ಆದರೂ ಒಂದು ಮಾತು ಸೇರಿಸುತ್ತೇನೆ. ಅದು ಒಂದು ಸಲದ ಪ್ರಯಾಣ. ಅದೇ ಮನುಷ್ಯ, ಅದೇ ಶೇರು ಮಾರುಕಟ್ಟೆಯ ಕಥೆ ದಿನಾ ಆದರೆ? ನಮ್ಮ ಗುಂಪಿನಲ್ಲಿ ಮಾರತಹಳ್ಳಿ ಸೇತುವೆ ಬರುವವರೆಗೆ ಮಾತು, ಆಮೇಲೆ ಯಾರೂ ಮಾತಾಡಿಸುವ ಹಾಗಿಲ್ಲ ಅಂತ ತಾನಾಗೇ ಆಗಿಹೋಗಿತ್ತು. ಆಫೀಸಿಗೆ ಮೊದಲು ಮನಸ್ಸಿಗೆ ಸ್ವಲ್ಪ ಖಾಲಿ ಜಾಗ ಬೇಕು. ಪೆಟ್ರೀಷಿಯಾ ಮೊಖ್ತಾರಿಯಾನ್ ಎಂಬ ಸಂಶೋಧಕಿ ಮತ್ತು ಅವರ ಜೊತೆಯವರು ಕ್ಯಾಲಿಫೋರ್ನಿಯಾದ ನೌಕರರನ್ನು, ಮನೆಯಿಂದ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದರೆ ಚೆನ್ನ ಅಂತ ಕೇಳಿದ್ದರು. ಸೊನ್ನೆ ಅಂದವರು ತೀರಾ ಕಡಿಮೆ. ಸರಾಸರಿ ಉತ್ತರ ಸುಮಾರು 16 ನಿಮಿಷ. 16 ನಿಮಿಷದಲ್ಲಿ ನಾವು ಬನಶಂಕರಿ ದಾಟುತ್ತಿರಲಿಲ್ಲ, ಅದು ಬೇರೆ ಮಾತು.

ಕೊನೆಯದಾಗಿ ಕಾಯುವುದು. ಕಾರ್‌ಪೂಲ್ ಮುರಿಯುವುದು ದುಡ್ಡಿಗಲ್ಲ, ಆರು ನಿಮಿಷಕ್ಕೆ. ನಮ್ಮ ಗುಂಪಿನ ಇನ್ನೊಬ್ಬರು ದಿನಾ ಆರು ನಿಮಿಷ ತಡ. ನಾನು ತಡವಾದ ದಿನ ಅದಕ್ಕೆ ಕಾರಣ ಲಿಫ್ಟು, ಇಲ್ಲವೇ ಮಗಳ ಟಿಫನ್ ಡಬ್ಬಿ. ಅವರು ತಡವಾದರೆ ಅದಕ್ಕೆ ಕಾರಣ ಅವರ ಸ್ವಭಾವ. ಮನಶ್ಶಾಸ್ತ್ರ ಓದಿದವನು ನಾನು, ಈ ದೋಷದ ಹೆಸರು, ವಿವರ ಎಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದವನು. ಸ್ಟೇರಿಂಗ್ ಹಿಡಿದು ಕಾಯುವಾಗ ಅದು ನೆನಪಿಗೇ ಬರಲಿಲ್ಲ. ಮುಖಕ್ಕೆ ಹೇಳುವ ಧೈರ್ಯವೂ ಬರಲಿಲ್ಲ. ಕೊನೆಗೆ ನಾನೇ 'ಟೈಮಿಂಗ್ ಬದಲಾಯಿತು' ಅಂತ ಹೇಳಿ ಗುಂಪು ಬಿಟ್ಟೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಒಬ್ಬ ಯುವಕ, ವಾಷಿಂಗ್ಟನ್ ತರಹ ತುಂಬಿದ ಕಾರಿಗೆ ಬೇರೆ ಲೇನ್ ಇಲ್ಲಿ ಮಾಡಿದರೆ ಜನ ಮೋಸ ಮಾಡುವುದಿಲ್ಲವೇ ಅಂತ ಕೇಳಿದರು. ಮಾಡುತ್ತಾರೆ. ಜಕಾರ್ತದಲ್ಲಿ 1992ರಿಂದ, ಮುಖ್ಯ ರಸ್ತೆಗಳಲ್ಲಿ ಒತ್ತಡದ ಹೊತ್ತಿಗೆ ಕಾರಲ್ಲಿ ಮೂವರಿರಬೇಕು ಎಂಬ ನಿಯಮವಿತ್ತು. ರಸ್ತೆ ಬದಿಯಲ್ಲಿ ಜಾಕಿಗಳು ಅಂತ ಜನ ನಿಲ್ಲುತ್ತಿದ್ದರು. ದುಡ್ಡು ಕೊಟ್ಟು ಹತ್ತಿಸಿಕೊಂಡರೆ ತಲೆ ಎಣಿಕೆ ಸರಿ. ಮಗು ಎತ್ತಿಕೊಂಡ ಹೆಂಗಸಾದರೆ ಎರಡು ತಲೆ. 2016ರಲ್ಲಿ ಆ ನಿಯಮ ತೆಗೆದುಹಾಕಿದರು. ಸಂಜೆ ಹೊತ್ತು ಒಂದು ಕಿಲೋಮೀಟರಿಗೆ ಆಗುತ್ತಿದ್ದ ವಿಳಂಬ 2.8 ನಿಮಿಷದಿಂದ 5.3 ನಿಮಿಷಕ್ಕೆ ಏರಿತು. ನಿಯಮ ಇಲ್ಲದಿದ್ದ ರಸ್ತೆಗಳೂ ನಿಧಾನವಾದವು. ಅಷ್ಟು ಮೋಸ ನಡೆದರೂ ನಿಯಮ ಕೆಲಸ ಮಾಡುತ್ತಿತ್ತು ಅಂತಾಯಿತಲ್ಲ.

ಇನ್ನೊಬ್ಬರು ಹಿರಿಯರು, ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪ್ರಶ್ನೆ ಅಲ್ಲ ಅಂತ ಹೇಳಿಯೇ ಎದ್ದು ನಿಂತರು. 'ನಮಗೆ ಫ್ಯಾಕ್ಟರಿ ಬಸ್ಸಿತ್ತು. ಇಪ್ಪತ್ತೆರಡು ವರ್ಷ ಕಿಟಕಿ ಪಕ್ಕದ ಅದೇ ಸೀಟು. ಪಕ್ಕದವರ ಜೊತೆ ಇಸ್ಪೀಟು ಆಡಿದ್ದೀನಿ, ಸಾಲ ತಗೊಂಡಿದ್ದೀನಿ, ಅವರ ಮಗಳ ಮದುವೆಗೆ ಓಡಾಡಿದ್ದೀನಿ. ಒಂದು ದಿನವೂ ಜಗಳ ಇಲ್ಲ. ಯಾಕೆ ಗೊತ್ತಾ? ಬಸ್ಸು ಯಾರಿಗೂ ಕಾಯ್ತಿರಲಿಲ್ಲ.'

ಕೂತುಕೊಳ್ಳುವ ಮೊದಲು ಇನ್ನೊಂದು ಕೇಳಿದರು. 'ಅದಿರಲಿ ಸಾರ್. ನೀವು ಯಾವ ಕಡೆ ಹೋಗ್ತೀರಿ? ನನಗೆ ನಾಲ್ಕನೇ ಅಡ್ಡರಸ್ತೆ ಹತ್ತಿರ ಇಳಿಸಿದರೆ ಸಾಕು.'